ಒಂದೇ ಗಂಟು ಬಿದ್ದ ಚೀಲ

ನನ್ನ ದೊರೆಗೆ,

ನಿನ್ನ ಕಣ್ಣಿಗೆ ಪಟ್ಟಿ ಕಟ್ಟಿರುವುದರಿಂದ ಇದನ್ನು ನಿನ್ನ ಮಗಳು ಪುಟ್ಟಿಯೇ ಓದಿ ಹೇಳಬೇಕು. ಬೇಕೆಂದೇ ಅವಳ ಕೈಗೆ ಕೊಟ್ಟಿದ್ದೇನೆ. ಪುಟ್ಟಿ, ನನ್ನ ಮೇಲೆ ಎಷ್ಟೇ ಸಿಟ್ಟು ಬಂದರೂ ಮಧ್ಯದಲ್ಲಿ ನಿಲ್ಲಿಸಬೇಡಮ್ಮ.

ಕಸದ ಲಾರಿಯ ಎತ್ತರದ ಸೀಟಿನಲ್ಲಿ ಕೂತು ಬೀದಿಗೆಲ್ಲ ಅಪ್ಪಣೆ ಕೊಡುತ್ತಿದ್ದ ನಿನಗೆ ದೊರೆ ಎಂದು ಹೆಸರಿಟ್ಟವನು ನಾನೇ. ಮೊಬೈಲ್ ರಿಪೇರಿ ಮಾಡುವ ನನ್ನನ್ನು ನೀನು ಡಾಕ್ಟರ್ ಮಾಡಿದೆ. "ಏನ್ ಡಾಕ್ಟ್ರೇ, ಇವತ್ತೆಷ್ಟು ಹೆಣ?" ಎಂದು ಲಾರಿಯಿಂದಲೇ ಕೂಗುತ್ತಿದ್ದೆ. ಹೆಣ ಎಂದರೆ ಊದಿಕೊಂಡ ಬ್ಯಾಟರಿಗಳು. ಮೊದಲ ಸಲ ನೀನು ಒಂದನ್ನು ಬೆರಳಿನಿಂದ ಒತ್ತಿ ನೋಡಲು ಹೋದಾಗ ನಾನು ನಿನ್ನ ಕೈಗೆ ಫಟ್ಟೆಂದು ಹೊಡೆದಿದ್ದೆ. ಒತ್ತಬಾರದು, ಬಗ್ಗಿಸಬಾರದು, ಚುಚ್ಚಬಾರದು, ಮತ್ತೆ ಚಾರ್ಜಿಗೆ ಹಾಕಲೇಬಾರದು. ಒಳಗಿನ ಪದರ ಹರಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ ಎಂದು ದೊಡ್ಡ ಮೇಷ್ಟ್ರ ಹಾಗೆ ಪಾಠ ಹೇಳಿದ್ದೆ. "ನಮ್ಮತ್ತೆಗಿಂತ ಸೂಕ್ಷ್ಮ ಕಣಯ್ಯ ಇದು" ಎಂದು ನೀನು ನಕ್ಕಿದ್ದೆ.

ಅವತ್ತಿನಿಂದ ನಮ್ಮಿಬ್ಬರದೇ ಒಂದು ಪದ್ಧತಿ ಬೆಳೆಯಿತು. ನಾನು ಬ್ಯಾಟರಿಯ ತುದಿಗಳಿಗೆ ಟೇಪು ಅಂಟಿಸಿ, ಒಂದಕ್ಕೊಂದು ತಾಗದಂತೆ ಮರಳಿನ ಡಬ್ಬಿಯಲ್ಲಿ ಹೂತು, ಡಬ್ಬಿಯನ್ನು ಚೀಲಕ್ಕೆ ಹಾಕಿ ಎರಡು ಗಂಟು ಬಿಗಿಯುತ್ತಿದ್ದೆ. ಎರಡು ಗಂಟಿನ ಚೀಲವನ್ನು ನೀನು ಬೇರೆಯಾಗಿಟ್ಟು, ಹಳೇ ಬ್ಯಾಟರಿ ತೆಗೆದುಕೊಳ್ಳುವ ಕೇಂದ್ರಕ್ಕೆ ಮುಟ್ಟಿಸುತ್ತಿದ್ದೆ. ಒಂದೇ ಗಂಟಿದ್ದರೆ ಮಾಮೂಲಿ ಕಸ. ಅದು ಲಾರಿಯ ಹಿಂದಿರುವ, ಕಸ ಅದುಮುವ ಯಂತ್ರಕ್ಕೆ.

ಆ ದಿನ ಮರಳಿನ ಡಬ್ಬಿ ಆ ಕೇಂದ್ರದಿಂದ ಇನ್ನೂ ವಾಪಸು ಬಂದಿರಲಿಲ್ಲ. ಐದು ಊದಿದ ಬ್ಯಾಟರಿಗಳನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಮೊದಲ ಗಂಟು ಬಿಗಿಯುವಷ್ಟರಲ್ಲಿ ಗಿರಾಕಿಯೊಬ್ಬ ಫೋನ್ ತಡವಾಯಿತೆಂದು ಜಗಳಕ್ಕೆ ನಿಂತ. ನಾನೂ ಮಾತಿಗೆ ಮಾತು ಬೆಳೆಸಿದೆ. ನಿನ್ನ ಲಾರಿ ಬಂದಾಗ ಅದೇ ಬಿಸಿಯಲ್ಲಿ ಚೀಲವನ್ನು ಬಾಗಿಲಾಚೆ ತಳ್ಳಿದೆ, ನಿನ್ನ ಮುಖವನ್ನೂ ನೋಡಲಿಲ್ಲ. ನೀನು ಗಂಟು ನೋಡಿದೆ. ನನ್ನನ್ನು ನಂಬಿ ಹಿಂದಕ್ಕೆ ಎಸೆದೆ.

ಮುಂದಿನ ತಿರುವಿನಲ್ಲಿ ಯಂತ್ರ ಅದುಮಿತು. ಹೊಗೆ ಕಂಡು ಇಳಿದು ಹೋಗಿ ನೀನು ಹಿಂಬಾಗಿಲು ತೆರೆದಾಗ ಬೆಂಕಿ ಮುಖಕ್ಕೇ ಹೊಡೆಯಿತು. ನಾನು ಓಡಿ ಬಂದಾಗ ನೀನು ರಸ್ತೆಯಲ್ಲಿ ಕೂತು, "ಸ್ಕೂಲ್ ಮಕ್ಕಳನ್ನ ಆ ಕಡೆ ಕಳ್ಸಿ, ಇನ್ನೂ ಸಿಡಿಯುತ್ತೆ" ಎನ್ನುತ್ತಿದ್ದೆ. ಎಡಗಣ್ಣು ಹೋಯಿತು. ಬಲಗಣ್ಣಿನ ಬಗ್ಗೆ ಆಸ್ಪತ್ರೆಯವರು ಇನ್ನೂ ಬಾಯಿ ಬಿಟ್ಟಿಲ್ಲ.

ವಿಚಾರಣೆಗೆ ಬಂದವರು, ಚಾಲಕ ಸಿಗರೇಟು ಸೇದಿ ಎಸೆದಿರಬೇಕು ಎಂದು ಬರೆದುಕೊಂಡರು. ನಾನು ಅಲ್ಲೇ ನಿಂತಿದ್ದೆ, ತುಟಿ ಪಿಟಕ್ಕೆನ್ನಲಿಲ್ಲ. ಹೆದರಿದೆ ಕಣೋ. ಅಂಗಡಿ ಹೋಗುತ್ತದೆ, ಜೈಲಾಗುತ್ತದೆ ಎಂದು ಹನ್ನೊಂದು ದಿನ ಹೇಡಿಯಾಗಿ ಬದುಕಿದೆ. ದಿನಾ ಹಣ್ಣು ಹಿಡಿದು ಬಂದು ನಿನ್ನ ಮಂಚದ ಪಕ್ಕ ಕೂತೆ. "ನಾನು ಸೇದಿಲ್ಲ ಅಂತ ನೀನಾದ್ರೂ ನಂಬ್ತೀಯಲ್ಲ ಡಾಕ್ಟ್ರೇ?" ಎಂದು ನನ್ನ ಕೈ ಹಿಡಿದು ಕೇಳಿದೆ. ನಂಬುತ್ತೇನೆ ಎಂದೆ. ಅಷ್ಟೇ ಹೇಳಿದೆ.

ನಿನ್ನೆ ಪುಟ್ಟಿ ವಾರ್ಡಿನ ಹೊರಗೆ ಗೋಡೆಗೆ ಒರಗಿ ನಿಂತಿದ್ದಳು. "ಸಿಗರೇಟು ಬಿಟ್ಟು ಎರಡು ವರ್ಷ ಆಯ್ತು ಅಂತ ಅಪ್ಪ ನನಗೆ ಆಣೆ ಮಾಡಿ ಹೇಳಿದ್ರು ಮಾವ. ಸುಳ್ಳು. ಅವರ ಹತ್ರ ಕೂರಕ್ಕೇ ಮನಸ್ಸಾಗಲ್ಲ" ಎಂದಳು. ನಿನ್ನ ಕಣ್ಣು ತೆಗೆದದ್ದು ಸಾಲದೆಂದು ಮಗಳನ್ನೂ ಕಿತ್ತುಕೊಳ್ಳುತ್ತಿದ್ದೆನಲ್ಲ. ಪುಟ್ಟಿ, ನಿಮ್ಮಪ್ಪ ಸುಳ್ಳು ಹೇಳಲಿಲ್ಲ. ಆ ಬೆಂಕಿ ನನ್ನದು.

ಇವತ್ತು ಬೆಳಿಗ್ಗೆ ಇದೆಲ್ಲವನ್ನೂ ಬರೆದು, ಸಹಿ ಹಾಕಿ, ವಿಚಾರಣೆಯವರಿಗೆ ಕೊಟ್ಟೆ. ನಾಳೆ ಮತ್ತೆ ಬರಲು ಹೇಳಿದ್ದಾರೆ. ಏನು ಮಾಡುತ್ತಾರೋ ಗೊತ್ತಿಲ್ಲ, ಮಾಡಲಿ. ಕ್ಷಮಿಸು ಎಂದು ಕೇಳಲು ನನಗೆ ಬಾಯಿಲ್ಲ. ನಿನ್ನ ಬಲಗಣ್ಣು ಉಳಿಯಲಿ ಎಂಬುದೊಂದೇ ನನ್ನ ಹರಕೆ, ಹಾರೈಕೆ ಎಲ್ಲ.

ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಓದಿ ಮುಗಿದ ಮೇಲೆ ನನ್ನನ್ನು ಒಳಗೆ ಕರೆಯಬೇಕಾಗಿಲ್ಲ. ಮೊದಲು ಅವಳನ್ನು ಹತ್ತಿರ ಕೂರಿಸಿಕೋ.

ಗೆಳೆಯ ಎಂದು ಸಹಿ ಹಾಕಲು ಧೈರ್ಯವಿಲ್ಲದ,
ರಿಪೇರಿ ಅಂಗಡಿಯವನು