ಮೊದಲ ಎಡಿ

ಡಿಸೆಂಬರ್ ೧೪, ಶನಿವಾರ. ದಾಂಡೇಲಿ.

ಜುಲಿಯಾನಾ ಅಳಲಿಲ್ಲ. ಅದ ಚುಚ್ಚಾಕ ಹತ್ತೇತಿ.

ಹೋಟೆಲ್ ಮುಂದ 'ಸಿದ್ದಿ ಊಟ, ಮೂರು ದಿನ ಮಾತ್ರ' ಅಂತ ಬ್ಯಾನರ್ ಹಾಕಿಸೇನಿ. ಅಡಿಗಿ ಜುಲಿಯಾನಾದು, ಆಕಿ ಸಿದ್ದಿ ಜನಾಂಗದಾಕಿ. ಎಲ್ಲಾರಿಗಿಂತ ಮೊದಲ ಬಾಳಿ ಎಲಿ ಮ್ಯಾಲ ಚಂದಾಗಿ ಬಡಿಸಿ ಮೂಲ್ಯಾಗ ಇಟ್ಟಿದ್ಲು. ಫೋಟೋಕ್ಕ ಅದನ್ನ ಎತಗೊಂಡ್ನಿ.

"ಅಕ್ಕಾರ, ಅದು ಹಿರಿಯರ ಎಡಿ ರೀ. ನಮ್ಮವ್ವ ಹೋಗಿ ತಿಂಗಳಾತು."

"ನಿಮ್ಮವ್ವ ಏನ್ ಗಿರಾಕಿ?" ಅಂದ್ನಿ. ಫೋಟೋ ತಗದು, ಅದನ್ನ ಪುಣೆಯಿಂದ ಬಂದಿದ್ದ ಗಿರಾಕಿಗಳ ಟೇಬಲ್ಲಿಗೆ ಕಳಿಸಿದ್ನಿ. ಅವರು ಬೆರಳು ನೆಕ್ಕೋದನ್ನ ಆಕಿ ಬಾಗಿಲದಾಗ ನಿಂತು ನೋಡಿದ್ಲು, ಅಷ್ಟ.

ಮೂರು ದಿನದ್ದನ್ನ ಒಂದು ವಾರ ಮಾಡಬೇಕು. ಎಡಿ ಇಡಬ್ಯಾಡ ಅಂತ ನಾ ಹೇಳಂಗಿಲ್ಲ. ದಿನಾ ಇಟ್ಟುಕೊಳ್ಳಲಿ. ಸತ್ತ ಅವ್ವಗ ಬಡಿಸಿದಷ್ಟು ಚಂದ ಆಕಿ ಗಿರಾಕಿಗೆ ಬಡಸಂಗಿಲ್ಲ.