ಗಡಿಯಾರದ ಬಾಗಿಲ ಒಳಮೈ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಗುರುವಾರ ಬರ್ತೀನಿ, ಅಪ್ಪನ ಗಡಿಯಾರ ಒಂದನ್ನು ಕೊಡು, ಬೇರೇನೂ ಬೇಡ ಅಂತ ಬರೆದಿದ್ದೀಯ. ನೀನು ಬಂದು ನೋಡುವ ಮೊದಲು ನಾನೇ ಹೇಳಿಬಿಡುತ್ತೇನೆ. ಗಡಿಯಾರ ಇಲ್ಲ. ಪೆಟ್ಟಿಗೆ ಇದೆ. ಅದರೊಳಗೆ ಈಗ ಐದು ಹಲಗೆ, ಹಲಗೆಗಳ ಮೇಲೆ ಸೋಪು, ಟವೆಲು, ಬಲ್ಬು, ಇಸ್ತ್ರಿಪೆಟ್ಟಿಗೆ.

ಬೈಬೇಡ, ಮೊದಲು ಕೇಳು. ಅಪ್ಪ ಹೋದ ಮೇಲೆ ಅದು ನಿಂತೇ ಹೋಗಿತ್ತು. ನನ್ನಷ್ಟು ಎತ್ತರದ ಪೆಟ್ಟಿಗೆ, ಈ ಎರಡು ಕೋಣೆಯ ಮನೆಯಲ್ಲಿ ದಾರಿಗೆ ಅಡ್ಡ. ಬಡಗಿಯನ್ನು ಕರೆಸಿದೆ. ಯಂತ್ರ, ಲೋಲಕ ಎಲ್ಲ ಬಿಚ್ಚಿಸಿ ಗುಜರಿಯವನಿಗೆ ಹಾಕಿದೆ. ಪಕ್ಕದ ಮನೆಯವರು ಬಂದು ನೋಡಿ ಹೊಗಳಿದರು, ನಾನೂ ಬೀಗಿದೆ. ಈಗ ನೆನೆದರೆ ಮುಖ ಮುಚ್ಚಿಕೊಳ್ಳೋಣ ಅನಿಸುತ್ತದೆ.

ಹೇಳಬೇಕಾದದ್ದು ಇದಲ್ಲ. ರಿಪೇರಿಯವರು ಗಡಿಯಾರದ ಬಾಗಿಲ ಒಳಗೆ ಪೆನ್ಸಿಲಿನಲ್ಲಿ ತಾರೀಖು ಬರೆದಿಡುತ್ತಾರಲ್ಲ, ಎಣ್ಣೆ ಹಾಕಿದ್ದು, ಚಕ್ರ ಬದಲಿಸಿದ್ದು? ಅಪ್ಪ ಅದೇ ಕೆಲಸದವರು, ಮನೆಯದಕ್ಕೂ ಹಾಗೇ ಬರೆಯುತ್ತಿದ್ದರು, ಪ್ರತಿ ವಾರ ಕೀ ಕೊಟ್ಟ ಮೇಲೆ. ನೀನು ಜಗಳವಾಡಿ ಹೋಗಿ ಮದುವೆಯಾದ ಮೇಲೆ ತಾರೀಖಿನ ಪಕ್ಕ ಇನ್ನೊಂದು ಮಾತು ಸೇರಿತ್ತು. ದೊಡ್ಡವಳ ಕಾಗದ ಬಂತು. ದೊಡ್ಡವಳಿಗೆ ಹೆಣ್ಣು ಮಗುವಂತೆ. ಈ ವಾರ ಕಾಗದ ಇಲ್ಲ. ಹನ್ನೊಂದು ವರ್ಷ, ಅಕ್ಕ. ನಿನ್ನ ಹೆಸರೆತ್ತಿದರೆ ಊಟ ಬಿಟ್ಟು ಏಳುತ್ತಿದ್ದ ಮನುಷ್ಯ, ನೀನು ನನಗೆ ಬರೆದ ಒಂದೊಂದು ಕಾಗದಕ್ಕೂ ಗುರುತು ಹಾಕಿಟ್ಟಿದ್ದರು.

ಅಪ್ಪ ನನ್ನನ್ನು ಮರೆತೇ ಹೋದರು ಅಂತ ನೀನು ಈಗಲೂ ಅಳುತ್ತೀಯ. ಮರೆತಿರಲಿಲ್ಲ. ಆದರೆ ತೋರಿಸೋಣ ಅಂದರೆ ನನ್ನ ಹತ್ತಿರ ಏನೂ ಉಳಿದಿಲ್ಲ. ಬಡಗಿ ಬಾಗಿಲು ಉಜ್ಜಿ ಪಾಲಿಶ್ ಹೊಡೆದುಬಿಟ್ಟ. ನಾನು ನೋಡಿ ತಡೆಯುವಷ್ಟರಲ್ಲಿ ಮುಗಿದುಹೋಗಿತ್ತು.

ಗುರುವಾರ ತಪ್ಪದೆ ಬಾ. ಬೈಯುವುದಿದ್ದರೆ ಎದುರಿಗೇ ಬೈ.

ನಿನ್ನ ತಂಗಿ,
ಚಿಕ್ಕವಳು

ಅಂಟಿಸಿದ ಲಕೋಟೆ ಒಡೆದು ಬರೆಯುತ್ತಿದ್ದೇನೆ: ಬಡಗಿಯ ಮೇಲೆ ಹಾಕಿದ್ದು ಸುಳ್ಳು. ಅವನು ಕೈ ನಿಲ್ಲಿಸಿ, ಇಲ್ಲೇನೋ ಬರೆದಿದೆ, ಹಾಗೇ ಬಿಡಲಾ ಅಂತ ಕೇಳಿದ. ನಾನು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದೆ. ಅಷ್ಟು ವರ್ಷ ಔಷಧಿ ಕುಡಿಸಿದವಳು, ಹಾಸಿಗೆ ಬದಲಿಸಿದವಳು ನಾನು. ನನ್ನ ಬಗ್ಗೆ ಒಂದಕ್ಷರ ಇರಲಿಲ್ಲ, ಅಕ್ಕ. ಉಜ್ಜಿಬಿಡು ಅಂದೆ.