ಬಾಮೈದನ ಹಸಿರು

ಜುಲೈ 4

ಏಳನೇ ಗ್ರೀನ್‌ನಲ್ಲಿ ಮತ್ತೆ ಕಳೆಹುಲ್ಲಿನ ಬಿಳಿ ತೆನೆ. ಗಾಲ್ಫ್ ಚೆಂಡು ಉರುಳಬೇಕಾದ ಜಾಗ, ಹೊಟ್ಟು ಚೆಲ್ಲಿದ ಹಾಗಿದೆ. ಕಿತ್ತರೆ ಗುಂಡಿ, ಸಾಯಿಸಿದರೆ ಬೋಳು — ಅರ್ಧ ಗ್ರೀನ್ ಅದೇ ತಾನೆ. ಬೆಳವಣಿಗೆ ತಡೆಯುವ ಔಷಧವೊಂದೇ ದಾರಿ. ಕೊಲ್ಲುವುದಿಲ್ಲ, ಕಳೆಯನ್ನು ಕುಗ್ಗಿಸುತ್ತದೆ. ಒಳ್ಳೆ ಹುಲ್ಲು ಮೆಲ್ಲಗೆ ಆ ಜಾಗ ಹಿಡಿಯುತ್ತದೆ. ವರ್ಷಗಳ ಕೆಲಸ. ಅಲ್ಲಿಯವರೆಗೆ ಅಲ್ಲಲ್ಲಿ ಹಳದಿ... ಸಹಿಸಬೇಕು.

ಔಷಧ ಅಳೆದು ಬೆರೆಸಿದ್ದು ನಾನು, ಸ್ಪ್ರೇಯರ್ ನಡೆಸಿದ್ದು ಬಾಮೈದ. ಕೆಲಸಕ್ಕೆ ಸೇರಿಸಿದವನೂ ನಾನೇ, ಕಲಿಸಿದವನೂ ನಾನೇ. ನಳಿಕೆ ಕಟ್ಟಿಕೊಂಡರೂ ಗಮನಿಸದೆ ಶಿಳ್ಳೆ ಹಾಕುತ್ತಾ ಹೋಗುತ್ತಾನೆ. ಇವಳ ತಮ್ಮ, ಏನು ಹೇಳಲಿ.

ಜುಲೈ 19

ಕ್ಲಬ್ಬಿನ ಚೇರ್ಮನ್ ಗ್ರೀನ್ ನೋಡಲು ಬಂದಿದ್ದರು. ಸೆಪ್ಟೆಂಬರ್‌ನಲ್ಲಿ ದೊಡ್ಡ ಟೂರ್ನಿ. ಹುಲ್ಲಿಗೆ ಕಾಮಾಲೆ ಬಂದಿದೆಯೇ ಎಂದು ಕೇಳಿದರು. ಸುತ್ತ ನಿಂತವರು ನಕ್ಕರು. ಬಾಮೈದ ಸ್ವಲ್ಪ ಹೆಚ್ಚೇ ನಕ್ಕ.

ಆಗಸ್ಟ್ 22

ಕಮಿಟಿ ಕರೆಸಿತ್ತು. ಔಷಧ ನಿಲ್ಲಿಸಬೇಕಂತೆ. ಯಾರ ಸಲಹೆ ಎಂದರೆ, ನಿಮ್ಮವನದೇ. ಹಳದಿಗೆ ಔಷಧವೇ ಕಾರಣ, ಭಾವನಿಗೆ ಸುಮ್ಮನೆ ಹಠ, ಎಂದನಂತೆ. ಗುರುವಿಗೇ ತಿರುಮಂತ್ರ.

ಬಿಡಿಸಿ ಹೇಳಿದೆ. ಈಗ ಬಿಟ್ಟರೆ ಅದುಮಿಟ್ಟದ್ದೆಲ್ಲ ಒಮ್ಮೆಲೇ ನುಗ್ಗುತ್ತದೆ. ಕೆಲವು ವಾರ ಕಡುಹಸಿರು, ಆಮೇಲೆ ಕಳೆಯದ್ದೇ ರಾಜ್ಯ. ಅವರ ಕಿವಿಗೆ ಬಿದ್ದದ್ದು ಕಡುಹಸಿರು ಮಾತ್ರ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ.

ಊಟಕ್ಕೆ ಕೂತಾಗ ಇವಳ ಹತ್ತಿರ ಹೇಳಿಕೊಂಡೆ.

"ಅವನೇನು ಹೊರಗಿನವನಾ? ಹುಡುಗು ಬುದ್ಧಿ, ಬಿಡಿ."

ಹುಡುಗನಂತೆ. ತಲೆಯಲ್ಲಿ ಅರ್ಧ ಕೂದಲು ನೆರೆತಿದೆ.

ಸೆಪ್ಟೆಂಬರ್ 14

ಟೂರ್ನಿ. ಗ್ರೀನ್ ಥಳಥಳ. ಆಡಿದವರೆಲ್ಲ ಹೊಗಳಿದರು. ಚೇರ್ಮನ್ ಬಾಮೈದನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು. ಆ ಹಸಿರು ನನ್ನದು... ನಾನು ತಿಂಗಳುಗಟ್ಟಲೆ ಅದುಮಿಟ್ಟದ್ದು. ಯಾರಿಗೆ ಹೇಳುವುದು? ಹೊಟ್ಟೆಕಿಚ್ಚೇ ಇದು, ಬೇರೆ ಹೆಸರು ಬೇಡ.

ಅಕ್ಟೋಬರ್ 1

ಹೆಡ್ ಗ್ರೀನ್‌ಕೀಪರ್, ಇಷ್ಟು ದಿನ ನಾನಿದ್ದ ಜಾಗ — ಇನ್ನು ಮೇಲೆ ಅವನು. ನನಗೆ ಸಲಹೆಗಾರ ಎಂಬ ಪದವಿ, ಶೆಡ್ ಹಿಂದೆ ಒಂದು ಕುರ್ಚಿ. ಸಲಹೆ ಕೇಳುವವರಿಲ್ಲ. ಬೀಗದ ಕೈ ಅವನಿಗೆ ಕೊಟ್ಟೆ. ಇವಳು ತಮ್ಮನಿಗೆ ಹೊಸ ಶರ್ಟು ತಂದಳು. ನನಗೂ ಒಂದು, ಅದೇ ಬಣ್ಣದ್ದು.

ನವೆಂಬರ್ 9

ಕಳೆ ಎದ್ದಿದೆ. ಒಂದು ಗ್ರೀನೂ ಬಿಟ್ಟಿಲ್ಲ. ಚೇರ್ಮನ್ ಎಲ್ಲರೆದುರು ಬೈದರಂತೆ, ಸರಿಮಾಡು ಇಲ್ಲವೇ ಮನೆಗೆ ಹೋಗು ಎಂದರಂತೆ. ಸಂಜೆ ಬಾಮೈದ ಬಂದ. ಮುಖ ಬಾಡಿತ್ತು.

"ಭಾವ, ಆ ಔಷಧ ಎಷ್ಟು ಹಾಕ್ತಿದ್ರಿ?"

ಇವಳು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಳು. ಹುಲ್ಲು ಜೋರಾಗಿ ಬೆಳೆಯುವ ಜುಲೈ ತಿಂಗಳ ಅಳತೆ ಹೇಳಿದೆ. ಸುಳ್ಳಲ್ಲ, ಅಷ್ಟೇ ಹಾಕುತ್ತಿದ್ದೆ. ಆದರೆ ಚಳಿಯಲ್ಲಿ ಹುಲ್ಲು ಬೆಳೆಯುವುದೇ ಕಡಿಮೆ, ಔಷಧ ಒಳಗೇ ಉಳಿದುಬಿಡುತ್ತದೆ. ಅಷ್ಟು ಹಾಕಿದರೆ ಒಳ್ಳೆ ಹುಲ್ಲೂ ಸುಟ್ಟ ಹಾಗೆ ಕಂದುತ್ತದೆ, ತಿಂಗಳುಗಟ್ಟಲೆ ಏಳುವುದಿಲ್ಲ. ಅದನ್ನು ಅವನು ಕೇಳಲಿಲ್ಲ. ನಾನು ಹೇಳಲಿಲ್ಲ. ಅವನ ಕೆಲಸ ಹೋಗುತ್ತದೆ — ಅದು ಗೊತ್ತಿದ್ದೇ ಹೇಳಲಿಲ್ಲ.

ಅವನು ಹೋದ ಮೇಲೆ ಇವಳಿಗೆ ಎಷ್ಟು ನೆಮ್ಮದಿ. ಕೊನೆಗೂ ನಿಮ್ಮನ್ನೇ ಕೇಳಿದ ನೋಡಿ, ಎಂದಳು.

ನವೆಂಬರ್ 10, ಬೆಳಗ್ಗೆ

ಇವತ್ತು ಸ್ಪ್ರೇ. ಕಿಟಕಿ ಗಾಜಿನ ತುಂಬಾ ಇಬ್ಬನಿ. ನಿದ್ದೆ ಬರಲಿಲ್ಲ. ಹೇಳಿಬಿಡೋಣ ಎಂದೇ ಫೋನ್ ಮಾಡಿದೆ. ಆ ಕಡೆ ಪಂಪಿನ ಸದ್ದು.

"ಹೇಳಿ ಭಾವ. ಟ್ಯಾಂಕ್ ತುಂಬ್ತಾ ಇದ್ದೀನಿ."

ಚಳಿ ಹೇಗಿದೆ ಎಂದು ಕೇಳಿದೆ. ಕೈ ಮರಗಟ್ಟಿದೆ ಎಂದ. ಮಾತು ಬಾಯಿಗೆ ಬಂತು. ಫೋಟೋದಲ್ಲಿ ಅವನು ನಕ್ಕದ್ದೂ ನೆನಪಿಗೆ ಬಂತು.

"ಗ್ಲೌಸ್ ಹಾಕ್ಕೋ" ಎಂದೆ.

"ಇದನ್ನೆಲ್ಲ ಕೇಳೋರು ನೀವೊಬ್ರೇ ಭಾವ."

ಇಟ್ಟೆ. ಇನ್ನೂ ಸಮಯವಿದೆ. ಟ್ಯಾಂಕ್ ತುಂಬಬೇಕು, ಗಾಡಿ ಮೊದಲ ಗ್ರೀನ್ ತಲುಪಬೇಕು... ಇವಳು ಎದ್ದು ಬಂದಳು. ಇಷ್ಟು ಹೊತ್ತಿಗೆ ಯಾರ ಫೋನು, ತಮ್ಮನದಾ ಎಂದು ಕೇಳಿದಳು. ನಾನು ಹೌದು ಎಂದೆ, ಗ್ಲೌಸ್ ಹಾಕಿಕೊಳ್ಳಲು ಹೇಳಿದೆ ಎಂದೆ. ಸುಳ್ಳಲ್ಲ.